ಎರಡು ಸಲ ತೊಳೆದದ್ದು

ಮಾವ ನಾಣ್ಯವನ್ನು ಬಾಯಿಯ ಹತ್ತಿರ ಹಿಡಿದು ಎರಡನೇ ಸಲ ‘ಹಾ...’ ಎಂದು ಉಸಿರು ಬಿಡುವ ಹೊತ್ತಿಗೆ ಅಳಿಯ ಬಾಗಿಲಿಗೆ ಬಂದು ನಿಂತ. ಮೂರನೇ ‘ಹಾ’ ಹೊರಟಿದ್ದು ಅಳಿಯನ ಬಾಯಿಂದ. ಅದು ಉಸಿರಲ್ಲ, ಪ್ರಾಣ.

“ನೋಡಿ ಅಳಿಯಂದ್ರೇ, ಹೆಂಗೆ ಬಂತು!” ಮಾವ ನಾಣ್ಯವನ್ನು ದೀಪದ ಕೆಳಗೆ ತಿರುಗಿಸಿದರು. ಎಡಗೈಯಲ್ಲಿ ಹಳದಿ ಬಟ್ಟೆ. ಮೇಜಿನ ಮೇಲೆ ಮುಚ್ಚಳ ತೆಗೆದ ಪಾಲಿಶ್ ಡಬ್ಬಿ. ಅದರ ಪಕ್ಕದಲ್ಲಿ, ಅಳಿಯ ಬೆಳಿಗ್ಗೆ ಮನೆಯಲ್ಲೇ ಮರೆತು ಬಂದಿದ್ದ ಊಟದ ಕ್ಯಾರಿಯರ್. “ಏನು ಕೊಳೆ, ಏನು ಕೊಳೆ! ನಿಮ್ಮ ಆಫೀಸಲ್ಲಿ ಒರೆಸೋರು ಯಾರೂ ಇಲ್ವಾ? ಆದ್ರೆ ಒಂದು ಮಾತು, ಈ ನಾಣ್ಯ ಎರ—”

ಅಳಿಯ ಹಾರಿ ಬಂದು ಮಾವನ ಬಾಯಿ ಮುಚ್ಚಿದ. ಮದುವೆಯಾಗಿ ನಾಲ್ಕು ವರ್ಷವಾದರೂ ಮಾವನ ಮೀಸೆ ಇಷ್ಟು ಗಡುಸಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

“ಮಾತಾಡ್ಬೇಡಿ ಮಾವ!” ಎಂದು ಪಿಸುಗುಟ್ಟಿದ. “ಇಲ್ಲಿ ಮಾತಾಡೋ ಹಾಗಿಲ್ಲ. ಎಂಜಲು ಹಾರುತ್ತೆ.”

ಆ ಕೋಣೆಯ ನಿಯಮವೇ ಹಾಗಿತ್ತು. ದಿನವೂ ಅಲ್ಲಿಗೆ ಹಳೆಯ ಚಿನ್ನದ ನಾಣ್ಯಗಳು ಬರುತ್ತಿದ್ದವು. ಅಸಲಿಯೋ ನಕಲಿಯೋ ಎಂದು ನೋಡಿ, ಅಸಲಿಯಾದರೆ ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪಾರದರ್ಶಕ ಡಬ್ಬಿಯಲ್ಲಿಟ್ಟು ಮೊಹರು ಮಾಡಿ ಕಳಿಸುವುದು ಆಫೀಸಿನ ಕೆಲಸ. ಮಾತಾಡುವಾಗ ಹಾರುವ ಎಂಜಲು, ಸಾಸಿವೆಯ ಕಾಲು ಭಾಗದಷ್ಟು, ನಾಣ್ಯದ ಮೇಲೆ ಬಿದ್ದರೂ ವರ್ಷ ಕಳೆಯುವಷ್ಟರಲ್ಲಿ ಅಲ್ಲೊಂದು ಕಲೆ ಏಳುತ್ತದೆ. ಹೀಗಾಗಿ ಪರೀಕ್ಷಕರಿಗೆಲ್ಲ ಮುಖಗವಸು; ಅದಿದ್ದರೂ ನಾಣ್ಯದ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ. ಕೆಮ್ಮು, ಆಕಳಿಕೆ, ನಗು ಎಲ್ಲವೂ ಹೊರಗಿನ ಕಾರಿಡಾರಿನಲ್ಲಿ.

ಇವತ್ತು ಬೆಳಿಗ್ಗೆ ಹತ್ತೂವರೆಗೆ ಅಳಿಯನಿಗೆ ಸೀನು ಬಂತು. ನಿಯಮದಂತೆ ಹೊರಗೆ ಓಡಿದ. ಒಂದಲ್ಲ, ಏಳು ಸೀನು. ಏಳನೆಯದನ್ನು ಮುಗಿಸಿ ಮೂಗು ಒರೆಸಿಕೊಂಡು ಬರುವಷ್ಟರಲ್ಲಿ, ಒಂದು ಹನಿ ಎಂಜಲಿನಿಂದ ಅವನು ಕಾಪಾಡಿದ್ದ ನಾಣ್ಯಕ್ಕೆ ತಲೆಯಿಂದ ಕಾಲಿನವರೆಗೆ ಅಭ್ಯಂಜನವಾಗಿತ್ತು.

ಮಾವ ಕೆಟ್ಟವರಲ್ಲ. ಮೂವತ್ತಾರು ವರ್ಷ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ನಿವೃತ್ತರಾದವರು. ಊದುವುದು ನಿಂತಿತು, ಉಜ್ಜುವುದು ನಿಲ್ಲಲಿಲ್ಲ. ಮನೆಯ ನಲ್ಲಿ, ಬಾಗಿಲ ಚಿಲಕ, ಎದುರುಮನೆಯ ಕರೆಗಂಟೆ, ಬಸ್ಸಿನಲ್ಲಿ ನಿಂತವರು ಹಿಡಿದುಕೊಳ್ಳುವ ಕಂಬಿ. ಮಬ್ಬಾದ ಲೋಹ ಕಂಡರೆ ಸಾಕು, ಅವರ ಅಂಗೈ ತುರಿಸುತ್ತಿತ್ತು. ಅವರು ಹತ್ತಿದ ಬಸ್ಸನ್ನು ಎರಡು ಸ್ಟಾಪಿನ ದೂರದಿಂದಲೇ ಗುರುತಿಸಬಹುದಿತ್ತು.

ಆದರೆ ನಾಣ್ಯದವರ ಲೋಕದಲ್ಲಿ ‘ತೊಳೆದದ್ದು’ ಎಂಬ ಮಾತು ಬೈಗುಳಕ್ಕಿಂತ ಕೆಟ್ಟದ್ದು. ಯಾರದೋ ಡ್ರಾಯರಿನಲ್ಲಿ ನೂರು ವರ್ಷ ಮಲಗಿದ ಚಿನ್ನದ ಮೇಲೆ ತೆಳ್ಳಗೆ ಕೆಂಪು ಮಬ್ಬು ಕೂರುತ್ತದೆ. ಬೆಲೆಯೆಲ್ಲ ಆ ಮಬ್ಬಿನದು. ಒಂದು ಸಲ ಉಜ್ಜಿದರೆ ಮುಗಿಯಿತು, ಅಂಕವಿಲ್ಲ. ಚೀಟಿಯಲ್ಲಿ ಒಂದೇ ಪದ: ತೊಳೆದದ್ದು. ಲೋಕಕ್ಕೆಲ್ಲ ತೊಳೆದರೆ ಮಡಿ, ಇವರಿಗೆ ತೊಳೆದರೆ ಮೈಲಿಗೆ.

ಅದೂ ಇವತ್ತು!

ಆಫೀಸಿನಲ್ಲಿ ಅಳಿಯನಿಗಿದ್ದ ಹೆಸರು ಮುಕ್ಕಾಲು. ಪರೀಕ್ಷಕರು ಮೂವರಿರಬೇಕು. ಇಬ್ಬರು ಖಾಯಂ, ಇವನಿನ್ನೂ ಕಲಿಯುವವನು. ಹಾಗಾಗಿ “ನಮ್ಮಲ್ಲಿ ಎರಡೂಮುಕ್ಕಾಲು ಪರೀಕ್ಷಕರು” ಎಂದು ಯಾರೋ ಹೇಳಿದ್ದು ಎರಡು ವರ್ಷದಿಂದ ಅಂಟಿಕೊಂಡಿತ್ತು. ಕಿಟಕಿಯ ಪಕ್ಕದಲ್ಲಿ ಕೈಗಳಿದ್ದ ಮೂರನೇ ಕುರ್ಚಿ ಖಾಲಿ ಇತ್ತು. ಮುಕ್ಕಾಲು ಸ್ಟೂಲಿನ ಮೇಲೆ ಕೂರುತ್ತಿದ್ದ. ಇವತ್ತಿನ ಈ ನಾಣ್ಯಕ್ಕೆ ಅವನು ಸರಿಯಾದ ತೀರ್ಪು ಬರೆದರೆ ಸಂಜೆಗೆ ಕುರ್ಚಿ ಅವನದು. ಮೂವರೂ ಒಬ್ಬರಿಗೊಬ್ಬರು ಹೇಳದೆ ಚೀಟಿ ಬರೆದು ಮರದ ಪೆಟ್ಟಿಗೆಗೆ ಹಾಕಬೇಕು, ನಾಲ್ಕೂವರೆಗೆ ಪೆಟ್ಟಿಗೆ ತೆರೆಯುತ್ತದೆ. ಉಳಿದಿಬ್ಬರ ಚೀಟಿ ಬೆಳಿಗ್ಗೆಯೇ ಬಿದ್ದಾಗಿತ್ತು. ಇವನದೊಂದು ಬಾಕಿ.

ಮುಕ್ಕಾಲು ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಕ್ಯಾರಿಯರನ್ನೂ ಪಾಲಿಶ್ ಡಬ್ಬಿಯನ್ನೂ ಮಾವನ ಕೈಗೆ ಕೊಟ್ಟು, ಅವರನ್ನು ಮೊಣಕೈಯಲ್ಲಿ ತಳ್ಳಿಕೊಂಡು, ಕಾರಿಡಾರಿನ ಕೊನೆಯ ಊಟದ ಕೋಣೆಗೆ ಬಂದ.

ಅಲ್ಲಿ ತಕ್ಕಡಿಯಕ್ಕ ಮತ್ತು ಡಬ್ಬಿಯಣ್ಣ ಚಹಾ ಕುಡಿಯುತ್ತಿದ್ದರು. ತಕ್ಕಡಿಯಕ್ಕ ಎರಡನೇ ಪರೀಕ್ಷಕಿ, ನಾಣ್ಯಗಳನ್ನು ತೂಗುವುದೂ ಅವಳೇ. ಡಬ್ಬಿಯಣ್ಣ ಮೊಹರು ಮಾಡುವವನು. ಮಾವನನ್ನು ಪರೀಕ್ಷೆಯ ಕೋಣೆಗೆ ಬಿಟ್ಟವನೂ ಅವನೇ.

“ಪಾಪ, ವಯಸ್ಸಾದವ್ರು, ಊಟ ತಂದಿದ್ರು” ಎಂದ ಡಬ್ಬಿಯಣ್ಣ. ಆಮೇಲೆ ನಾಣ್ಯ ನೋಡಿ ಕಪ್ ಕೆಳಗಿಟ್ಟ. “ಅಯ್ಯಯ್ಯೋ. ಇದೇನೋ ಇದು, ಹೊಸ ಬೋಗುಣಿ ಹಾಗೆ ಹೊಳೀತಿದೆ!”

“ಥ್ಯಾಂಕ್ಸ್” ಎಂದರು ಮಾವ.

ತಕ್ಕಡಿಯಕ್ಕ ಓಡಿ ಹೋಗಿ ನಾಣ್ಯವನ್ನು ತೂಗಿ ತಂದಳು. “ತೂಕ ಕೂದಲೆಳೆಯಷ್ಟೂ ಕಮ್ಮಿಯಾಗಿಲ್ಲ. ಚಿನ್ನ ಚಿನ್ನವೇ. ಆದ್ರೆ ಮಬ್ಬು ಹೋಯ್ತಲ್ಲೋ ಮುಕ್ಕಾಲೂ! ನಾನು ಇದಕ್ಕೆ...” ಎಂದು ಅಂಕ ಹೇಳಹೊರಟು ನಾಲಗೆ ಕಚ್ಚಿಕೊಂಡಳು. “ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು.”

“ಈಗ ಇನ್ನೂ ಚೆನ್ನಾಗಿದೆ” ಎಂದರು ಮಾವ. “ನಾನು ಹೇಳೋದು ಸ್ವಲ್ಪ ಕೇಳಿ, ಉಜ್ಜುವಾಗ ನಂಗೆ—”

“ಮಾವ, ದಯವಿಟ್ಟು. ನೀವು ಆ ಮೂಲೇಲಿ ಸುಮ್ನೆ ಕೂತಿರಿ.”

ಮಾವ ಮೂಲೆಯಲ್ಲಿ ಸುಮ್ಮನೆ ಕೂತರು. ಅವರ ಕಣ್ಣು ಮಾತ್ರ ಕಿಟಕಿಯ ಹಿತ್ತಾಳೆ ಚಿಲಕದ ಮೇಲೆ ನೆಟ್ಟಿತ್ತು.

“ಭೂತಗನ್ನಡಿ ನೋಡಿದ್ರೆ?” ಡಬ್ಬಿಯಣ್ಣ ದನಿ ತಗ್ಗಿಸಿದ. ಭೂತಗನ್ನಡಿ ಎಂದರೆ ದೊಡ್ಡ ಪರೀಕ್ಷಕರು. ಇಪ್ಪತ್ತೆರಡು ವರ್ಷ ಒಂದೇ ಕಣ್ಣಲ್ಲಿ ಭೂತಗನ್ನಡಿ ಹಿಡಿದು ನೋಡಿ ನೋಡಿ, ಊಟದ ತಟ್ಟೆಯನ್ನೂ ಅವರು ಒಂದು ಕಣ್ಣು ಮುಚ್ಚಿಯೇ ನೋಡುತ್ತಿದ್ದರು. “ಪುಣ್ಯ, ಈಗ ಬ್ಯಾಂಕಿಗೆ ಹೋಗಿದಾರೆ. ನಾಲ್ಕರವರೆಗೆ ಬರಲ್ಲ. ಮುಕ್ಕಾಲೂ, ಹೆದರ್ಬೇಡ. ಇದಕ್ಕೆ ಮೊಟ್ಟೆ ಮದ್ದು.”

“ಮೊಟ್ಟೆ?”

“ಬೇಯಿಸಿದ ಮೊಟ್ಟೆ. ಬಿಗಿ ಡಬ್ಬೀಲಿ ನಾಣ್ಯದ ಜೊತೆ ಮುಚ್ಚಿಟ್ರೆ ಮಬ್ಬು ಕೂರುತ್ತೆ. ನಂಗೆ ಇವತ್ತು ಎರಡು ಮೊಟ್ಟೆ ಕಟ್ಟಿದಾರೆ. ಒಂದು ನಿಂಗೆ.”

“ಅಣ್ಣಾ, ಇಂಥ ಕಳ್ಳಾಟ ಹಿಡಿಯೋಕೇ ನಮ್ಗೆ ಸಂಬಳ ಕೊಡೋದು!”

“ಹಿಡಿಯೋರು ನಾವೇ ಅಂದ್ಮೇಲೆ ಇನ್ನೇನು ಭಯ?”

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಮುಕ್ಕಾಲು ನಾಣ್ಯವನ್ನು ಅಕ್ಕನ ಕೈಗೆ ಕೊಟ್ಟು ಮೆಟ್ಟಿಲಿನ ಹತ್ತಿರ ಹೋದ.

“ರೀ, ಅಪ್ಪ ಬಂದ್ರಾ? ಊಟ ಮಾಡಿ. ಮತ್ತೆ ಸಂಜೆ ಕುರ್ಚಿ ಸಿಕ್ಕಿದ ತಕ್ಷಣ ಫೋನ್ ಮಾಡ್ಬೇಕು. ಪಕ್ಕದ ಮನೆಯವ್ರಿಗೆಲ್ಲ ಹೇಳ್ಬಿಟ್ಟಿದೀನಿ.”

“ಯಾಕೆ ಹೇಳ್ದೆ?”

“ಹೇಳ್ದೆ ಹೇಗಿರೋದು? ಎರಡು ವರ್ಷದಿಂದ ‘ನಿಮ್ಮನೆಯವ್ರು ಸ್ಟೂಲಿಂದ ಇಳಿದ್ರಾ’ ಅಂತ ಕೇಳ್ತಿದಾರೆ.”

ಮುಕ್ಕಾಲು ಹತ್ತು ನಿಮಿಷ ಮೆಟ್ಟಿಲಿನ ಮೇಲೆ ತಲೆ ಹಿಡಿದು ಕೂತ. ಆಮೇಲೆ ಎದ್ದು, ಮುಖ ತೊಳೆದುಕೊಂಡು, ತೊಳೆದುಕೊಳ್ಳುವಾಗ ಆ ಪದ ನೆನಪಾಗಿ ಇನ್ನಷ್ಟು ನೊಂದು, ಊಟದ ಕೋಣೆಗೆ ವಾಪಸಾದ.

ಅಕ್ಕ ತಕ್ಕಡಿಯ ಕೋಣೆಗೆ ಹೋಗಿದ್ದಳು. ಡಬ್ಬಿಯಣ್ಣ ಒಬ್ಬನೇ ಕೂತು ಒಂದೇ ಮೊಟ್ಟೆ ತಿನ್ನುತ್ತಿದ್ದ.

“ನಾಣ್ಯ ಎಲ್ಲಿ?”

“ಮೊಟ್ಟೆ ಜೊತೆ ಮಲಗಿಸಿದೀನಿ. ನಿನ್ನ ಕ್ಯಾರಿಯರಿನ ಮೇಲಿನ ಡಬ್ಬೀಲಿ. ಇರೋದ್ರಲ್ಲಿ ಬಿಗಿಯಾಗಿ ಮುಚ್ಚೋದು ಅದೊಂದೇ. ಅದರಲ್ಲಿದ್ದ ಪಲ್ಯ, ಕೆಳಗಿದ್ದ ಅನ್ನ ಎರಡೂ ನಾನೇ ತಿಂದೆ, ಬೇಜಾರಿಲ್ಲ ತಾನೆ?”

“ಕ್ಯಾರಿಯರ್ ಎಲ್ಲಿ?”

ಡಬ್ಬಿಯಣ್ಣ ಮೇಜು ನೋಡಿದ. ಮೇಜಿನ ಕೆಳಗೆ ನೋಡಿದ. ಮೂಲೆ ನೋಡಿದ. ಮೂಲೆಯಲ್ಲಿ ಮಾವ ಇರಲಿಲ್ಲ. ಕಿಟಕಿಯ ಚಿಲಕ ಮಾತ್ರ ಸೂರ್ಯನ ಹಾಗೆ ಹೊಳೆಯುತ್ತಿತ್ತು.

ಮುಕ್ಕಾಲು ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ ಇಳಿದ. ಬೀದಿಯಲ್ಲಿ ಓಡುವಾಗ ಮುಖಗವಸು ಕಿವಿಯಿಂದ ಜಾರಿ ಗಲ್ಲಕ್ಕೆ ಜೋತುಬಿದ್ದು, ಬುಸುಗುಡುವ ಎತ್ತಿಗೆ ಕಟ್ಟಿದ ಹುಲ್ಲಿನ ಚೀಲದ ಹಾಗೆ ಕುಣಿಯುತ್ತಿತ್ತು. ಬಸ್ ಸ್ಟಾಪಿನಲ್ಲಿ ಮಾವ ಇಲ್ಲ. ಹಣ್ಣಿನಂಗಡಿಯಲ್ಲಿ ಇಲ್ಲ. ಮೂರನೇ ತಿರುವಿನಲ್ಲಿ ಕ್ಷೌರದಂಗಡಿಯ ಹಿತ್ತಾಳೆ ಹಿಡಿಕೆ ಕಣ್ಣು ಕುಕ್ಕುವಷ್ಟು ಮಿನುಗಿತು. ಮುಕ್ಕಾಲು ಬಾಗಿಲು ತಳ್ಳಿದ. ಒಳಗೆ ಮಾವ ಬೆಂಚಿನ ಮೇಲೆ ಕೂತು ಕ್ಷೌರಿಕನ ಕತ್ತರಿಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದರು.

“ಮಾವ! ಕ್ಯಾರಿಯರ್!”

“ಪಕ್ಕದ ಮನೆಯವ್ರು ಸ್ಕೂಟರಲ್ಲಿ ಮನೆ ಕಡೆ ಹೊರಟಿದ್ರು. ಊಟ ಮುಗೀತಲ್ಲ ಅಂತ ಖಾಲಿ ಕ್ಯಾರಿಯರ್ ಅವ್ರ ಕೈಲಿ ಕಳಿಸ್ಬಿಟ್ಟೆ. ಯಾಕೆ, ಊಟ ಸಾಕಾಗ್ಲಿಲ್ವಾ? ಅಳಿಯಂದ್ರೇ, ಬೆಳಿಗ್ಗೆಯಿಂದ ಹೇಳ್ಬೇಕು ಅಂತಿದೀನಿ, ಆ ನಾಣ್ಯ—”

“ಅದು ಆ ಕ್ಯಾರಿಯರಲ್ಲಿದೆ ಮಾವ! ಮೊಟ್ಟೆ ಜೊತೆ!”

ಮಾವ ಒಂದು ಕ್ಷಣ ಅಳಿಯನ ಮುಖ ನೋಡಿದರು. “ನಾನು ಪಾಲಿಶ್ ಹಾಕಿದ್ದು ತಪ್ಪು, ಮೊಟ್ಟೆ ಹಾಕಿದ್ದು ಸರೀನಾ?”

ಇಬ್ಬರೂ ಓಡಿದರು. ಮೂವತ್ತಾರು ವರ್ಷ ಊದಿದ ಎದೆ, ಮಾವನೇ ಮುಂದಿದ್ದರು.

ಮನೆಯಲ್ಲಿ ಹೆಂಡತಿ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಕ್ಯಾರಿಯರಿನ ಡಬ್ಬಿಗಳನ್ನು ಗಸಗಸ ಉಜ್ಜುತ್ತಿದ್ದಳು. ಮೊಣಕೈವರೆಗೂ ನೊರೆ.

“ಬಂದ್ರಾ! ನಾನು ಕಟ್ಟದ ಮೊಟ್ಟೆ ಡಬ್ಬೀಲಿ ಹೇಗ್ರೀ ಬಂತು? ಒಳ್ಳೇ ಮೊಟ್ಟೆ, ನಾನೇ ತಿಂದೆ. ಕುರ್ಚಿ ಸಿಕ್ತಾ?”

“ಮೊಟ್ಟೆ ಜೊತೆ ಇನ್ನೊಂದು ಇತ್ತಲ್ಲ?”

“ಇನ್ನೊಂದು ಮೊಟ್ಟೆನಾ?”

ಮುಕ್ಕಾಲು ತೋಳು ಮಡಚದೆಯೇ ನೊರೆಯೊಳಗೆ ಕೈ ಹಾಕಿದ. ಒಂದು ಚಮಚ ಸಿಕ್ಕಿತು. ಒಂದು ಮುಚ್ಚಳ ಸಿಕ್ಕಿತು. ಕೊನೆಗೆ ಸಿಂಕಿನ ಜಾಲರಿಯಲ್ಲಿ, ತರಕಾರಿ ಸಿಪ್ಪೆಯ ನಡುವೆ, ಚಿನ್ನದ ನಾಣ್ಯ ಸಿಕ್ಕಿತು. ಪಾತ್ರೆ ಸೋಪಿನ ನಿಂಬೆ ವಾಸನೆ ಘಮ್ಮೆನ್ನುತ್ತಿತ್ತು.

“ಅಯ್ಯೋ, ಇದು ಡಬ್ಬಿ ತಳದಲ್ಲಿ ಅಂಟ್ಕೊಂಡಿತ್ತಾ? ಗೊತ್ತೇ ಆಗ್ಲಿಲ್ಲ” ಎಂದಳು ಹೆಂಡತಿ. ಗಂಡನ ಮುಖ ನೋಡಿ ಅವಳಿಗೆ ಗಾಬರಿಯಾಯಿತು. “ಏನ್ರೀ? ತೊಳೆದ್ರೆ ಕರಗೋಕೆ ಅದೇನು ಸಕ್ಕರೇನಾ?”

ಮುಕ್ಕಾಲು ನೆಲದ ಮೇಲೆ ಕೂತುಬಿಟ್ಟ. ಹೆಂಡತಿಗೆ ಎಲ್ಲ ಹೇಳಿದ. ಸೀನಿನಿಂದ ಸಿಂಕಿನವರೆಗೆ. ಹೇಳಿ ಮುಗಿಸುವಷ್ಟರಲ್ಲಿ ಅವಳೂ ಪಕ್ಕದಲ್ಲಿ ಕೂತಿದ್ದಳು, ಕೈ ನೊರೆಯ ಸಮೇತ.

“ಈಗ ಚೀಟೀಲಿ ಏನು ಬರೀತೀರಿ?”

“ಅಂಕ ಬರೆದು, ಡಬ್ಬಿಯಣ್ಣನ ಕೈಲಿ ಬೇಗ ಮೊಹರು ಹಾಕಿಸಿದ್ರೆ, ಭೂತಗನ್ನಡಿ ಇನ್ನೊಂದು ಸಲ ನೋಡದೇ ಇದ್ರೆ... ಕುರ್ಚಿ ನಂದೇ. ಈ ನಾಣ್ಯ ಒಬ್ಬ ಬೇಕರಿಯವ್ರದ್ದು. ಅವ್ರಿಗೆ ಇದನ್ನ ಮಾರಿದ ಅಂಗಡಿಯವನು ಒಂದು ತಿಂಗಳು ಗಡುವು ಕೊಟ್ಟಿದಾನಂತೆ, ನಕಲಿ ಅಂತ ನಾವು ಬರೆದು ಕೊಟ್ರೆ ವಾಪಸ್ ತಗೋತಾನೆ, ಇಲ್ದಿದ್ರೆ ಇಲ್ಲ. ಇವತ್ತೇ ಕೊನೆ ದಿನ. ಪಾಪ, ಅವ್ರು ನಾವು ಬರೆದಿದ್ದೇ ನಿಜ ಅಂತ ನಂಬ್ಕೊಂಡು ತಗೊಂಡು ಹೋಗ್ತಾರೆ.”

ಹೆಂಡತಿ ಕೈಯ ನೊರೆಯನ್ನು ಸೆರಗಿಗೆ ಒರೆಸಿಕೊಂಡಳು. “ಸ್ಟೂಲೂ ಅಷ್ಟೇನು ಕೆಟ್ಟದ್ದಲ್ಲ ಬಿಡ್ರೀ” ಎಂದಳು.

ಅವಳು ಹಾಗೆ ಅಂದದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು. ಎದ್ದ. “ನಾನೂ ಬರ್ತೀನಿ” ಎಂದರು ಮಾವ. “ಉಜ್ಜಿದ್ದು ನಾನು. ನಾನೇ ಹೇಳ್ತೀನಿ ನಿಮ್ಮ ದೊಡ್ಡವ್ರಿಗೆ. ಮತ್ತೆ ಆ ಇನ್ನೊಂದು ವಿಷಯಾನೂ—”

“ಬನ್ನಿ ಮಾವ. ಆದ್ರೆ ಕೋಣೆ ಒಳಗೆ ಒಂದೇ ಒಂದು ಮಾತೂ ಆಡ್ಬಾರ್ದು. ಆಣೆ ಮಾಡಿ.”

ಮಾವ ನಿಟ್ಟುಸಿರು ಬಿಟ್ಟು ಆಣೆ ಮಾಡಿದರು.

ನಾಲ್ಕು ಇಪ್ಪತ್ತೈದಕ್ಕೆ ಮುಕ್ಕಾಲು ಚೀಟಿ ಬರೆದು ಪೆಟ್ಟಿಗೆಗೆ ಹಾಕಿದ. ನಾಲ್ಕೂವರೆಗೆ ಭೂತಗನ್ನಡಿ ಪೆಟ್ಟಿಗೆಯ ಬೀಗ ತೆಗೆದರು. ಮೇಜಿನ ಸುತ್ತ ಅಕ್ಕ, ಡಬ್ಬಿಯಣ್ಣ, ಮುಕ್ಕಾಲು. ಬಾಗಿಲ ಪಕ್ಕದಲ್ಲಿ ಮಾವ, ತುಟಿ ಬಿಗಿ ಹಿಡಿದು. ಕಾರಿಡಾರಿನ ಗಾಜಿನಾಚೆ ಬೇಕರಿಯವರು ಟೋಪಿಯನ್ನು ಹಿಟ್ಟು ನಾದಿದ ಹಾಗೆ ನಾದುತ್ತಾ ನಿಂತಿದ್ದರು.

ಮೊದಲ ಚೀಟಿ ಭೂತಗನ್ನಡಿಯವರದೇ: ಅಸಲಿ, ಅರವತ್ತನಾಲ್ಕು. ಎರಡನೆಯದು ಅಕ್ಕನದು: ಅಸಲಿ, ಅರವತ್ತನಾಲ್ಕು. ಇಬ್ಬರೂ ಪರಸ್ಪರ ಮೆಚ್ಚುಗೆಯಿಂದ ತಲೆಯಾಡಿಸಿದರು. ಮೂರನೆಯದನ್ನು ಭೂತಗನ್ನಡಿ ಬಿಡಿಸಿದರು. ಒಂದು ಕಣ್ಣು ಮುಚ್ಚಿ ಓದಿದರು. ಇನ್ನೊಂದು ಕಣ್ಣು ಮುಚ್ಚಿ ಓದಿದರು.

‘ಅಸಲಿ. ತೊಳೆದದ್ದು. ಎರಡು ಸಲ. ತೊಳೆದವರು: ನಮ್ಮ ಮನೆಯವರು. ಮೊಟ್ಟೆಯನ್ನೂ ಇಡಲಾಗಿತ್ತು.’

ಡಬ್ಬಿಯಣ್ಣ ಚಾವಣಿ ನೋಡತೊಡಗಿದ.

ಭೂತಗನ್ನಡಿ ನಾಣ್ಯವನ್ನು ಎತ್ತಿ ದೀಪದ ಕೆಳಗೆ ಹಿಡಿದರು. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿದರು. ಒಂದು ನಿಮಿಷ. ಎರಡು ನಿಮಿಷ. ಮುಕ್ಕಾಲಿಗೆ ತನ್ನ ಹೃದಯದ ಸದ್ದೂ ನಿಯಮಕ್ಕೆ ವಿರುದ್ಧ ಅನ್ನಿಸಿತು. ಮೂರನೇ ನಿಮಿಷಕ್ಕೆ ದೊಡ್ಡವರ ಕಿವಿ ಕೆಂಪಾಯಿತು. ಆಮೇಲೆ ಇಪ್ಪತ್ತೆರಡು ವರ್ಷದಲ್ಲಿ ಆಗದ್ದು ಆಯಿತು. ಅವರು ನಾಣ್ಯವನ್ನು ಮೂಗಿನ ಕೆಳಗೇ ಹಿಡಿದುಕೊಂಡು, ಮುಖಗವಸು ಕೆಳಗೆಳೆದು, ಬಾಯಿ ಅಗಲಿಸಿ ಮಾತಾಡಿದರು.

“ಥೂ!”

ಎಂಜಲು ನಾಣ್ಯದ ಮೇಲೆಯೇ ಬಿತ್ತು. ಅಕ್ಕ ಚೀರಿ ಬಾಯಿಗೆ ಕೈ ಇಟ್ಟಳು. ಮುಂದಿನ ಕ್ಷಣದಲ್ಲಿ ಎಲ್ಲರಿಗೂ ಅರ್ಥವಾಯಿತು. ಅಸಲಿ ನಾಣ್ಯದ ಮೇಲೆ ಭೂತಗನ್ನಡಿ ಪ್ರಾಣ ಹೋದರೂ ಮಾತಾಡುವವರಲ್ಲ.

“ನಕಲಿ” ಎಂದರು ಅವರು. “ಚಿನ್ನ ನಿಜ, ತೂಕ ನಿಜ, ನಾಣ್ಯ ಮಾತ್ರ ಸುಳ್ಳು. ಅಚ್ಚಿನಲ್ಲಿ ಬಡಿದದ್ದಲ್ಲ, ಕರಗಿಸಿ ಎರಕ ಹೊಯ್ದಿದಾರೆ. ನೋಡಿ, ಮೈತುಂಬ ಸಣ್ಣ ಸಣ್ಣ ಗುಳ್ಳೆ. ಗುಳ್ಳೆ ಕಾಣದಿರಲಿ ಅಂತ ಮೇಲೆ ಕೆಂಪು ಮಬ್ಬು ಹಚ್ಚಿದಾರೆ. ನಾವು ಆ ಮಬ್ಬಿಗೆ ಮರುಳಾಗಿ ಅರವತ್ತನಾಲ್ಕು ಕೊಟ್ವಿ!” ಅವರು ತಲೆ ಎತ್ತಿದರು. “ಯಾರು ಇದನ್ನ ಉಜ್ಜಿದ್ದು?”

ಎಲ್ಲರೂ ಬಾಗಿಲ ಕಡೆ ನೋಡಿದರು. ಮಾವ ಅಳಿಯನ ಕಡೆ ನೋಡಿದರು. ಆಣೆ ಆಣೆಯೇ.

“ಮಾತಾಡಿ ಮಾವ” ಎಂದ ಮುಕ್ಕಾಲು ಕ್ಷೀಣವಾಗಿ.

“ಎರಕ!” ಮಾವನ ಬಾಯಿಂದ ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಮಾತು ಟ್ರಂಪೆಟ್ಟಿನಂತೆ ಹೊರಬಿತ್ತು. “ಎರಕದ್ದು ಅಂತ ನಂಗೆ ಬೆಳಿಗ್ಗೇನೇ ಗೊತ್ತಾಯ್ತು! ಬಡಿದ ಲೋಹದ ಮೇಲೆ ಬಟ್ಟೆ ಜಾರುತ್ತೆ, ಎರಕದ್ದು ಬಟ್ಟೆ ಹಿಡ್ಕೊಳ್ಳುತ್ತೆ. ಮೂವತ್ತಾರು ವರ್ಷ ಉಜ್ಜಿದೀನಿ ಸ್ವಾಮಿ! ಎಷ್ಟು ಸಲ ಹೇಳೋಕೆ ಹೋದೆ, ಅಳಿಯಂದ್ರು ಬಾಯಿ ಬಿಡೋಕೇ ಬಿಡ್ಲಿಲ್ಲ.”

ಮುಕ್ಕಾಲು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಮಾವನ ಬಾಯಿಂದ ಒಂದೇ ಒಂದು ಅಕ್ಷರ, ಒಂದು ‘ಕ’, ಹೊರಬರಲು ಬಿಟ್ಟಿದ್ದರೆ!

“ಸರ್, ಹಾಗಾದ್ರೆ ನನ್ನ ಚೀಟಿ...”

“ನಕಲಿ ನಾಣ್ಯ ತೊಳೆದ್ರೇನು, ಬಿಟ್ರೇನು? ನೀನೂ ಅಸಲಿ ಅಂತಲೇ ಬರ್ದಿದೀಯ. ತಪ್ಪು. ನಾವು ಮೂವರೂ ಫೇಲು.” ಭೂತಗನ್ನಡಿ ಚೀಟಿಯನ್ನು ಮಡಚಿ, ಎಸೆಯದೆ, ಜೇಬಿಗೆ ಹಾಕಿಕೊಂಡರು. “ಆದ್ರೆ ಮೊಟ್ಟೆ ವಿಷಯಾನೂ ಮುಚ್ಚಿಡದೆ ಬರೆಯೋನನ್ನ ನಾನು ಇದುವರೆಗೆ ನೋಡಿರ್ಲಿಲ್ಲ. ಇನ್ನು ಮೂರು ತಿಂಗಳು ಸ್ಟೂಲಲ್ಲಿ ಕೂತಿರು. ಮತ್ತೆ ನೋಡೋಣ.”

ಅವರು ಹೊರಗೆ ಹೋಗಿ ನಾಣ್ಯವನ್ನೂ ‘ನಕಲಿ’ ಎಂದು ಬರೆದ ಪತ್ರವನ್ನೂ ಬೇಕರಿಯವರ ಕೈಗಿಟ್ಟರು. ಆ ಪದ ಕೇಳಿ ಆ ಕಾರಿಡಾರಿನಲ್ಲಿ ಕುಣಿದಾಡಿದ ಮೊದಲ ಗಿರಾಕಿ ಅವರೇ. ಅಂಗಡಿ ಮುಚ್ಚಲು ಇನ್ನೂ ಒಂದು ಗಂಟೆಯಿತ್ತು. ಟೋಪಿಯನ್ನು ಅಲ್ಲೇ ಬಿಟ್ಟು ಓಡಿದರು. ಮುಕ್ಕಾಲು ಗಾಜಿನಾಚೆ ಅವರ ಓಟ ನೋಡುತ್ತಾ, ಯಾಕೋ ಗೊತ್ತಿಲ್ಲ, ಸಣ್ಣಗೆ ನಕ್ಕ.

ಭೂತಗನ್ನಡಿ ಒಳಗೆ ಬಂದವರೇ ಕಿಟಕಿಯ ಪಕ್ಕದ ಮೂರನೇ ಕುರ್ಚಿಯನ್ನು ಎಳೆದು ಮಾವನ ಮುಂದಿಟ್ಟರು.

“ಯಜಮಾನ್ರೇ, ನಿಮ್ಮ ಬೆರಳಿಗಿರೋ ಕಣ್ಣು ನನ್ನ ಭೂತಗನ್ನಡಿಗಿಲ್ಲ. ನಾಳೆಯಿಂದ ಈ ಕುರ್ಚಿ ನಿಮ್ದು. ಖಾಯಂ.”

ಎರಡು ವರ್ಷದಿಂದ ತಾನು ಒರೆಸಿಟ್ಟ ಕುರ್ಚಿಯನ್ನು ಮುಕ್ಕಾಲು ನೋಡಿದ, ಮಾವನನ್ನು ನೋಡಿದ. ಮಾವ ಕೂತರು. ಕುರ್ಚಿಯ ಕೈಗಳನ್ನು ಸವರಿದರು. ಚೆನ್ನಾಗಿಯೇ ಹೊಂದುತ್ತಿತ್ತು.

“ಇಲ್ಲಿ ಮಾತಾಡ್ಬೋದಾ?”

“ಇಲ್ಲ.”

“ಹಾಡು ಗುನುಗ್ಬೋದಾ?”

“ಊಹೂಂ.”

“ಉಜ್ಜಬೋದು ತಾನೆ?” ಮಾವ ಜೇಬಿನಿಂದ ಪಾಲಿಶ್ ಡಬ್ಬಿ ತೆಗೆದರು.

“ಛೆ ಛೆ! ಅಂಚು ಬಿಟ್ಟು ಬೇರೆಲ್ಲೂ ಮುಟ್ಟೋ ಹಾಗಿಲ್ಲ.”

ಮಾವ ಎದ್ದರು. ಪಾಲಿಶ್ ಡಬ್ಬಿಯನ್ನು ಮತ್ತೆ ಜೇಬಿಗಿಳಿಸಿದರು. ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ಅಳಿಯನ ಸ್ಟೂಲಿನ ಪಕ್ಕಕ್ಕೆ ತಳ್ಳಿದರು.

“ನಂಗೆ ಬೇಡ” ಎಂದರು.